ಬೀಗದ ಕೈ ಯಾರ ಬಳಿ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು. ಮಾವನವರಿಗೆ 72 ವರ್ಷ. ಕಾಲೇಜಿನಲ್ಲಿದ್ದಾಗ ತುರ್ತು ಪರಿಸ್ಥಿತಿಯಲ್ಲಿ ಮೀಸಾ (ಆಂತರಿಕ ಭದ್ರತಾ ಕಾಯಿದೆ) ಬಂಧಿಯಾಗಿ 14 ತಿಂಗಳು ಜೈಲಿನಲ್ಲಿದ್ದರು. ಇಂದಿಗೂ ಕೋಣೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ. ಅಂಗಳಕ್ಕೆ ಆನೆ ಬರುತ್ತದೆಂದು ಯಜಮಾನರು ಜಗಲಿಗೆ ಗ್ರಿಲ್ ಹಾಕಿಸಿ ರಾತ್ರಿ ಬೀಗ ಹಾಕುತ್ತಾರೆ. ಅಂದಿನಿಂದ ಮಾವ ಕುರ್ಚಿಯಲ್ಲೇ ಬೆಳಗು ಮಾಡುತ್ತಿದ್ದಾರೆ. ತುರ್ತು ಪರಿಸ್ಥಿತಿ ಹೇರಿದ ದಿನವೆಂದು ಜೂನ್ 25ರಂದು ಅವರಿಗೆ ಸನ್ಮಾನವಂತೆ, ಯಜಮಾನರು ಅವರನ್ನು ಕೇಳದೆ ಒಪ್ಪಿಕೊಂಡಿದ್ದಾರೆ. ವೈದ್ಯರೆಂದರೆ ಮಾವ 'ನನಗೇನು ಹುಚ್ಚೇ' ಎನ್ನುತ್ತಾರೆ. ಇದು ಹಟವೇ, ಕಾಯಿಲೆಯೇ?

ಉತ್ತರ: ಹಟವಲ್ಲ ತಂಗಿ. ಮೀಸಾ ಕಾಯಿದೆಯಡಿ ಒಳಗೆ ಹೋದವರಿಗೆ ವಿಚಾರಣೆ ಇರಲಿಲ್ಲ. 1975ರ ತಿದ್ದುಪಡಿಯ ನಂತರ ಏಕೆ ಹಿಡಿದಿದ್ದೇವೆಂದು ಹೇಳಬೇಕಾಗಿಯೂ ಇರಲಿಲ್ಲ. ಮೂರು ವರ್ಷ ಶಿಕ್ಷೆಯಾದವನು ಗೋಡೆಯ ಮೇಲೆ ಗೀಟು ಎಳೆದಾದರೂ ದಿನ ಕಳೆಯುತ್ತಾನೆ. ಎಷ್ಟರಲ್ಲಿ ಕಳೆಯಬೇಕೆಂಬುದೇ ತಿಳಿಯದವನು ಬೂಟಿನ ಸದ್ದಿಗೆ, ಬೀಗದ ಸದ್ದಿಗೆ ಕಿವಿಗೊಟ್ಟು ಕೂರುತ್ತಾನೆ. 1977ರ ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಮುಗಿದರೂ ಆ ಕಿವಿ ಇನ್ನೂ ಕಾಯುತ್ತಿದೆ. ವೈದ್ಯರು ಇದನ್ನು ಆಘಾತೋತ್ತರ ಒತ್ತಡ ಎನ್ನುತ್ತಾರೆ. ತೋಟ, ಮಕ್ಕಳ ಮದುವೆ ಎಂದು ಓಡಾಡುವಾಗ ಅಡಗಿದ್ದದ್ದು ಕೈಗೆ ಕೆಲಸವಿಲ್ಲದ ಮುಪ್ಪಿನಲ್ಲಿ ಮೇಲೇಳುವುದುಂಟು. ನಿಮ್ಮಲ್ಲಿ ಜೂನ್ ಎಂದರೆ ಮಳೆ ಹಿಡಿದು, ಕರೆಂಟ್ ಹೋಗಿ, ಎಲ್ಲರೂ ಒಳಗೇ ಕೂರುವ ಕಾಲ ಬೇರೆ.

ಗ್ರಿಲ್ ಇರಲಿ. ಆನೆಗೆ ಮೀಸಾ ಕಥೆ ಹೇಳಿ ಪ್ರಯೋಜನವಿಲ್ಲ. ಆದರೆ ಬೀಗದ ಕೈ ಮಾವನ ದಿಂಬಿನ ಕೆಳಗಿರಲಿ, ರಾತ್ರಿ ಬೀಗ ಹಾಕುವವರೂ ಅವರೇ ಆಗಲಿ. ನಡುರಾತ್ರಿ ಎದ್ದು ಒಮ್ಮೆ ತೆಗೆದು ನೋಡಿದರೆ ನೋಡಲಿ, ಯಾರೂ ನಗಬೇಡಿ.

ಸನ್ಮಾನದ ವಿಷಯದಲ್ಲಿ ನಿಮ್ಮ ಯಜಮಾನರದೇ ತಪ್ಪು. ಒಮ್ಮೆ ಹೇಳದೆ ಕೇಳದೆ ಎಳೆದೊಯ್ದ ಮನುಷ್ಯನನ್ನು ಈಗ ಶಾಲು ಹೊದಿಸಲು ಮತ್ತೆ ಹಾಗೆಯೇ ಕರೆದೊಯ್ಯುವುದೇ? ವೇದಿಕೆಯಲ್ಲಿ ಎಲ್ಲವನ್ನೂ ಹೇಳಿಕೊಂಡು ಹಗುರಾದವರೂ ಇದ್ದಾರೆ, ಇಲ್ಲವೆನ್ನಲಾರೆ. ಮಾವನನ್ನೇ ಕೇಳಿ. ಬೇಡವೆಂದರೆ ಯಜಮಾನರೇ ಫೋನ್ ಮಾಡಿ ತಪ್ಪಾಯಿತೆನ್ನಲಿ.

ವೈದ್ಯರ ಬಳಿಗೆ ನಿದ್ದೆಯ ನೆಪದಲ್ಲಿ ಕರೆದೊಯ್ಯಿರಿ, ಅದು ಸುಳ್ಳೂ ಅಲ್ಲ. ಅದಕ್ಕೂ ಮೊದಲು ನೀವೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮನಸ್, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜೈಲಿನ ಮಾತು ಕೆದಕಬೇಡಿ. ಅವರಾಗಿ ತೆಗೆದ ದಿನ ಒಲೆ ಆರಿಸಿ ಬಂದು ಕುಳಿತುಕೊಳ್ಳಿ.

ಹಾಗೆಯೇ, ಮನೆಯ ಸುತ್ತಲಿನ ಹಲಸಿನ ಹಣ್ಣನ್ನೆಲ್ಲ ಈ ವಾರವೇ ಕೀಳಿಸಿಬಿಡಿ. ಆನೆ ಬರುವುದು ಅದರ ವಾಸನೆಗೇ.