ಬ್ರಿಟನ್ನಿನ ಕಲ್ಲಿನ ಸಾಲುಗಳು

ಪ್ರಶ್ನೆ: ಯಾದಗಿರಿ ಜಿಲ್ಲೆಯ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿರುವುದನ್ನು ನೋಡಿಬಂದೆ. ಬ್ರಿಟನ್ನಿನಲ್ಲಿಯೂ ಇಂತಹ ಪ್ರಾಗೈತಿಹಾಸಿಕ ಸಾಲುಗಳಿವೆಯಂತೆ. ಅವೆಲ್ಲ ಒಂದೇ ಬಗೆಯವೇ? ಸೂರ್ಯನ ಗತಿಯನ್ನು ಅಳೆಯಲು ನಿಲ್ಲಿಸಿದವೇ? ನಮ್ಮವುಗಳೊಂದಿಗೆ ಅವುಗಳಿಗೆ ಸಂಬಂಧವಿದೆಯೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಒಂದೇ ಬಗೆಯವಲ್ಲ. ಪ್ರದೇಶ ಬದಲಾದಂತೆ ಸಾಲಿನ ಉದ್ದ, ಕಲ್ಲಿನ ಎತ್ತರ, ಜೋಡಣೆಯ ಕ್ರಮ ಎಲ್ಲವೂ ಬದಲಾಗುತ್ತವೆ.

ನೈಋತ್ಯ ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಗ್ರಾನೈಟ್ ಎತ್ತರಭೂಮಿಯಲ್ಲೇ 70ಕ್ಕೂ ಹೆಚ್ಚು ಸಾಲುಗಳಿವೆ. ಬೇರೆಡೆಗಳಲ್ಲಿ ಕಲ್ಲು ಕಿತ್ತು ಹೊಲ ಮಾಡಿದಂತೆ ಇಲ್ಲಿ ಆಗದ ಕಾರಣ ಇಷ್ಟೊಂದು ಉಳಿದಿವೆ ಎಂಬುದನ್ನೂ ನೆನಪಿಡಬೇಕು. ಒಂಟಿ ಸಾಲು, ಜೋಡಿ ಸಾಲು, ಕೆಲವೆಡೆ ಮೂರು ಸಾಲುಗಳೂ ಉಂಟು. ಹಲವು ಸಾಲುಗಳ ಒಂದು ತುದಿಯಲ್ಲಿ ಕಲ್ಲುಗುಪ್ಪೆಯ ಸಮಾಧಿ ಇರುತ್ತದೆ. ಅರ್ಮ್ ನದಿಯ ಮೇಲ್ಕಣಿವೆಯ ಸಾಲು ಹೊಳೆಯನ್ನು ದಾಟಿ 3 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತದೆ. ಮೆರಿವೇಲ್‌ನ ಎರಡು ಜೋಡಿ ಸಾಲುಗಳ ಬಹುಪಾಲು ಕಲ್ಲುಗಳಾದರೋ ಮೊಣಕಾಲೆತ್ತರವನ್ನೂ ಮೀರುವುದಿಲ್ಲ. ದಕ್ಷಿಣದ ಜೋಡಿಯ ನಡುಭಾಗದಲ್ಲಿ ಪುಟ್ಟ ಸಮಾಧಿಯೊಂದನ್ನು ಕಲ್ಲುಗಳ ಬಳೆ ಸುತ್ತುವರಿದಿದೆ. ಪಕ್ಕದ ಎಕ್ಸ್‌ಮೂರ್‌ನಲ್ಲಿ ಕಲ್ಲುಗಳು ಇನ್ನೂ ಚಿಕ್ಕವು, ಹುಲ್ಲಿನಲ್ಲಿ ಹುಡುಕಬೇಕಾದಷ್ಟು.

ಯಾರ್ಕ್‌ಷೈರಿನ ಬರೋಬ್ರಿಜ್‌ನಲ್ಲಿ ಉಳಿದಿರುವುದು ಮೂರೇ ಕಲ್ಲು, ಅತಿ ಎತ್ತರದ್ದು ಸುಮಾರು 7 ಮೀಟರ್. ಅವುಗಳ ನೆತ್ತಿಯಿಂದ ಮಳೆನೀರು ಕೊರೆದ ಆಳವಾದ ಗೀರುಗಳು ಕೆಳಗಿಳಿದಿವೆ. ಸ್ಕಾಟ್ಲೆಂಡಿನ ಉತ್ತರ ತುದಿಯ ಕೇತ್ನೆಸ್‌ನಲ್ಲಿ ಒಂದು ಮೀಟರನ್ನೂ ಮುಟ್ಟದ ಸುಮಾರು 200 ಕಲ್ಲುಗಳು, 20ಕ್ಕೂ ಹೆಚ್ಚು ಸಾಲುಗಳಲ್ಲಿ, ಇಳಿಜಾರಿನ ಮೇಲೆ ಬೀಸಣಿಗೆಯಂತೆ ಹರಡಿವೆ.

ಇನ್ನು ಸೂರ್ಯನ ವಿಚಾರ. ಪಶ್ಚಿಮ ಸ್ಕಾಟ್ಲೆಂಡಿನ ಬ್ಯಾಲಕ್ರಾಯ್‌ನ ಮೂರು ಕಲ್ಲುಗಳ ಸಾಲು ಡಿಸೆಂಬರ್ ತಿಂಗಳ, ವರ್ಷದ ಅತಿ ಚಿಕ್ಕ ಹಗಲಿನ ಸೂರ್ಯಾಸ್ತವನ್ನು ಗುರುತಿಸುತ್ತದೆ ಎಂದು ಇಂತಹ ಕಲ್ಲುಗಳನ್ನು ಅಳೆದು ಅಧ್ಯಯನ ಮಾಡಿದ ಸ್ಕಾಟಿಷ್ ಎಂಜಿನಿಯರ್ ಅಲೆಕ್ಸಾಂಡರ್ ಥಾಮ್ ವಾದಿಸಿದ್ದರು. ಆದರೆ 1699ರ ಹಳೆಯ ರೇಖಾಚಿತ್ರವೊಂದು ಅದೇ ಸಾಲಿನಲ್ಲಿದ್ದ ದೊಡ್ಡ ಕಲ್ಲುಗುಪ್ಪೆಯನ್ನು ತೋರಿಸುತ್ತದೆ. ಅದು ಆ ನೋಟಕ್ಕೆ ಅಡ್ಡವಾಗುತ್ತಿತ್ತು. ಮೊಣಕಾಲೆತ್ತರದ ಕಿಲೋಮೀಟರುಗಟ್ಟಲೆ ಸಾಲಿಗೂ ಮೂರು ದೈತ್ಯ ಕಂಬಗಳಿಗೂ ಒಂದೇ ಕಾರಣ ಹೇಳುವುದು ನನಗೆ ಒಪ್ಪಿಗೆಯಾಗದು. ಡಾರ್ಟ್‌ಮೂರಿನಲ್ಲಿ ಸಮಾಧಿಯ ನಂಟು ಕಣ್ಣಿಗೆ ಕಾಣುವಂಥದ್ದು. ಅಲ್ಲಿನ ಸಾಲುಗಳ ಬಗ್ಗೆ ಯೋಚಿಸುವವರು ಅಲ್ಲಿಂದಲೇ ಆರಂಭಿಸಬೇಕು.

ಇವುಗಳ ಕಾಲನಿರ್ಣಯ ಕಷ್ಟ. ಬಹುತೇಕ ಸಾಲುಗಳನ್ನು ಕಂಚಿನ ಯುಗಕ್ಕೆ ಸೇರಿಸುವ ರೂಢಿಯಿತ್ತು. ಡಾರ್ಟ್‌ಮೂರಿನ ಕಟ್ ಹಿಲ್‌ನಲ್ಲಿ ಬಿದ್ದ ಕಲ್ಲುಗಳಿಗೆ ಅಂಟಿಕೊಂಡಿದ್ದ ಜೌಗುಮಣ್ಣಿನ ಪರೀಕ್ಷೆಯಿಂದ ಆ ಸಾಲು ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ್ದು, ಅಂದರೆ ಕಂಚಿನ ಯುಗಕ್ಕೂ ಹಿಂದಿನದ್ದೆಂದು ತಿಳಿದುಬಂತು. ವಿಭೂತಿಹಳ್ಳಿಯ ಬಂಡೆಗಳನ್ನು ಸಾಮಾನ್ಯವಾಗಿ ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್‌ಶಿಲಾ ಸಂಸ್ಕೃತಿಯೊಂದಿಗೆ ಸೇರಿಸಲಾಗುತ್ತದೆ. ಹೀಗೆ ಎರಡರ ನಡುವೆ ಸಾವಿರಾರು ವರ್ಷಗಳ ಅಂತರವಿರುವುದರಿಂದ ನೇರ ಸಂಬಂಧ ಕಲ್ಪಿಸಲು ಆಧಾರವಿಲ್ಲ.