ಗಾಳಿ ಶುರುವಾದ ಮೇಲೆ ಸೈಕಲ್ ಸರಾಸರಿ ವೇಗ ಬಿದ್ದಿದೆ, ಫಿಟ್‌ನೆಸ್ ಕಡಿಮೆಯಾಯ್ತಾ?

ನೀವು ಕೇಳಿರೋದು ಇಷ್ಟು: ರೋಡ್ ಬೈಕ್ ತಗೊಂಡು ಒಂದು ವರ್ಷ ಆಗಿದೆ, ಒಬ್ಬರೇ ಪ್ರಾಕ್ಟೀಸ್ ಮಾಡ್ತೀರಿ. ಚಳಿಗಾಲದಲ್ಲಿ ಗಂಟೆಗೆ 28 ಕಿಮೀ ಬರ್ತಿದ್ದ ಸರಾಸರಿ ಜೂನ್ ಆದ ಮೇಲೆ 25 ದಾಟುತ್ತಿಲ್ಲ. ಗಾಳಿಯೂ ದಿನಕ್ಕೊಂದು ಥರ. ಕಾಲಲ್ಲಿ ಶಕ್ತಿ ಹೋಯ್ತಾ ಅನ್ನೋ ಚಿಂತೆ.

ಹೋಗಿಲ್ಲ. ಗಾಳಿ ಬಂದಿದೆ, ಅಷ್ಟೇ.

ನಾನು ಚಿತ್ರದುರ್ಗದವನು. ಜೋಗಿಮಟ್ಟಿ ಬೆಟ್ಟದ ಸಾಲಿನ ಮೇಲೆ ಗಾಳಿ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ನನ್ನ ಮಾಮೂಲಿ ದಾರಿ ಹೊಳಲ್ಕೆರೆ ರಸ್ತೆ. ಹೋಗೋದು ಸುಮಾರು 35 ಕಿಮೀ, ಬರೋದು ಅಷ್ಟೇ. ಊರಿಂದ ಹೊಳಲ್ಕೆರೆ ಇರೋದು ನೈಋತ್ಯಕ್ಕೆ. ಮುಂಗಾರಿನ ಗಾಳಿ ಬರೋದೂ ಅಲ್ಲಿಂದಲೇ. ಅಂದರೆ ಆಷಾಢದಲ್ಲಿ ಹೋಗುವಾಗ ಪೂರ್ತಿ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ.

ನಾನೂ ಮೊದಲು ಅಂದುಕೊಂಡಿದ್ದು, ಹೋಗುವಾಗ ಕಳಕೊಂಡಿದ್ದನ್ನು ಬರುವಾಗ ವಾಪಸ್ ತಗೋಬಹುದು ಅಂತ. ಆಗಲ್ಲ. ಲೆಕ್ಕ ನೋಡಿ. ಗಾಳಿ ಇಲ್ಲದ ದಿನ 28ರಲ್ಲಿ ಹೋಗುವ ಕಾಲು, 15 ಕಿಮೀ ವೇಗದ ಎದುರು ಗಾಳಿಯಲ್ಲಿ 20ಕ್ಕೆ ಇಳಿಯುತ್ತದೆ. 35 ಕಿಮೀಗೆ ಒಂದು ಗಂಟೆ 45 ನಿಮಿಷ. ವಾಪಸ್ ಬರುವಾಗ 35ರ ವೇಗ ಸಿಕ್ಕರೂ ಒಂದು ಗಂಟೆ ಬೇಕು. ಒಟ್ಟು 70 ಕಿಮೀ, 2 ಗಂಟೆ 45 ನಿಮಿಷ. ಸರಾಸರಿ ಇಪ್ಪತ್ತೈದೂವರೆ. ಕಷ್ಟದ ಕಡೆ ಜಾಸ್ತಿ ಹೊತ್ತು ಇರ್ತೀರಿ, ಸುಖದ ಕಡೆ ಬೇಗ ಮುಗಿದುಹೋಗುತ್ತದೆ. ಅದಕ್ಕೇ ಲೆಕ್ಕ ಸರಿಹೋಗಲ್ಲ. ನಿಮ್ಮ 25ರಲ್ಲಿ ಕಾಲಿನ ತಪ್ಪೇನೂ ಇಲ್ಲ.

ಇನ್ನೊಂದು ವಿಷಯ. 20ರಲ್ಲಿ ಹೋಗುವಾಗ 15ರ ಗಾಳಿ ಎದುರು ಬಂದರೆ ನಿಮ್ಮ ಎದೆಗೆ ಬಡಿಯೋದು 35ರ ಗಾಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎರಡರಷ್ಟು ಗಾಳಿ ಅಂದರೆ ನಾಲ್ಕರಷ್ಟು ತಡೆ. ಹಾಗಾಗಿ ಎದುರು ಗಾಳಿಯಲ್ಲಿ 28 ತರಬೇಕು ಅಂತ ಹಟ ಹಿಡಿದರೆ ಅರ್ಧ ಗಂಟೆಯಲ್ಲಿ ಕಾಲು ಕೈಕೊಡುತ್ತೆ.

ನಾನು ಮಾಡಿದ್ದು ಇಷ್ಟೇ: ಮೀಟರಿನಲ್ಲಿ ವೇಗ ಕಾಣೋ ಪುಟವನ್ನೇ ತೆಗೆದುಹಾಕಿದೆ. ಈಗ ಕಾಣೋದು ಹೃದಯ ಬಡಿತ ಮತ್ತು ಪೆಡಲ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. ನನಗೆ ಬಡಿತ 140–145, ಸುತ್ತು 85–90 ಇದ್ದರೆ ಸಾಕು, ನಿಮ್ಮ ಅಂಕಿ ಬೇರೆ ಇರಬಹುದು. ಗಾಳಿ ಜೋರಾದರೆ ಗೇರ್ ಹಗುರ ಮಾಡ್ತೀನಿ, ಹ್ಯಾಂಡಲಿನ ಕೆಳಗಿನ ಬಾಗು ಹಿಡೀತೀನಿ, ಮೊಣಕೈ ಮಡಚ್ತೀನಿ. ತಲೆ ತಗ್ಗಿಸಿದರೂ ಕಣ್ಣು ರಸ್ತೆ ಮೇಲಿರಲಿ, ಹಂಪ್ ಕಾಣದೆ ಒಂದ್ಸಲ ಹಾರಿದ್ದೀನಿ. ಬಡಿತ ಒಂದೇ ಇದ್ದರೆ ಕೆಲಸ ಒಂದೇ. ಸೈಕಲ್ 19ರಲ್ಲಿ ಹೋಗಲಿ, 36ರಲ್ಲಿ ಹೋಗಲಿ.

‘ಗಾಳಿ ಬಂದಾಗ ತೂರಿಕೋ’ ಅಂತಾರಲ್ಲ, ಸೈಕಲ್ಲಿಗೆ ಅದು ಉಲ್ಟಾ. ಬೆನ್ನಿಗೆ ಗಾಳಿ ಇದ್ದಾಗ ಸ್ವಲ್ಪ ಸುಧಾರಿಸಿಕೊಂಡು, ಎದುರು ಗಾಳಿಯಲ್ಲಿ ಒಂಚೂರು ಜಾಸ್ತಿ ಹಾಕಿದರೇನೇ ಒಟ್ಟು ಸಮಯ ಉಳಿಯೋದು. ಒಂಚೂರು ಅಂದರೆ ಒಂಚೂರೇ.

ಮೊದಲು ಎದುರು ಗಾಳಿಗೆ ಹೋಗಿ, ಆಮೇಲೆ ಅದನ್ನು ಬೆನ್ನಿಗೆ ಹಾಕ್ಕೊಂಡು ಬನ್ನಿ. ಇದನ್ನು ಕಲಿತದ್ದು ಒಂದು ಅಕ್ಟೋಬರಿನಲ್ಲಿ. ಮುಂಗಾರು ಮುಗಿದು ಗಾಳಿ ಈಶಾನ್ಯಕ್ಕೆ ತಿರುಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅವತ್ತು ಹೊಳಲ್ಕೆರೆಗೆ ಒಂದು ಗಂಟೆ ಎರಡು ನಿಮಿಷಕ್ಕೆ ಮುಟ್ಟಿದೆ. ಅಬ್ಬಾ, ಎಂಥಾ ಫಾರ್ಮು ಅಂತ ಬೀಗಿದ್ದೇ ಬೀಗಿದ್ದು. ನಿಜ ಹೇಳಬೇಕಂದರೆ ಸೂಚನೆ ಸಿಕ್ಕಿತ್ತು. ದಾರಿಯುದ್ದಕ್ಕೂ ಕಿವಿ ಸುಮ್ಮನಿತ್ತು, ಚೈನಿನ ಕಿರಿಕಿರಿ ಬಿಡಿಬಿಡಿಯಾಗಿ ಕೇಳ್ತಿತ್ತು, ಬೆವರು ಆರದೆ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮೂವತ್ತು ದಾಟಿದ ವೇಗದಲ್ಲಿ ಚೈನಿನ ಸದ್ದು ಕೇಳ್ತಿದೆ ಅಂದರೆ ಬೆನ್ನ ಹಿಂದೆ ಯಾರೋ ತಳ್ತಿದ್ದಾರೆ ಅಂತಲೇ ಅರ್ಥ. ಸೈಕಲ್ ತಿರುಗಿಸಿದ ಕ್ಷಣ ಕಿವಿಯಲ್ಲಿ ಬುಸ್ ಅಂತ ಶುರುವಾಯ್ತು. ಅರ್ಧ ದಾರಿಗೆ ನೀರು ಖಾಲಿ, ತೊಡೆ ಖಾಲಿ. ರಸ್ತೆ ಬದಿ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಎರಡು ಟೀ ಕುಡಿದು, ಎರಡೂಕಾಲು ಗಂಟೆಗೆ ಮನೆ ಮುಟ್ಟಿದೆ.

ಈಗ ಹೊರಡೋಕೆ ಮುಂಚೆ ಬೆಟ್ಟದ ಕಡೆ ನೋಡ್ತೀನಿ. ಫ್ಯಾನಿನ ಮುಖ ಎತ್ತ ತಿರುಗಿದೆಯೋ ಗಾಳಿ ಆ ಕಡೆಯಿಂದ. ಅವು ತಾವಾಗೇ ಗಾಳಿಗೆ ಮುಖ ಕೊಡುತ್ತವೆ. ನಿಮ್ಮ ಕಡೆ ಫ್ಯಾನಿಲ್ಲದಿದ್ದರೆ ಗುಡಿಯ ಬಾವುಟ, ತೆಂಗಿನ ಗರಿ, ಟೀ ಅಂಗಡಿ ಹೊಗೆ ಏನಾದರೂ ಸಿಗುತ್ತೆ. ಬೆಳಿಗ್ಗೆ ಆರಕ್ಕೆ ನೋಡಿದ್ದು ಒಂಬತ್ತಕ್ಕೂ ಹಾಗೇ ಇರಲ್ಲ. ನೆಲ ಕಾದಂತೆ ಮೇಲಿನ ಜೋರು ಗಾಳಿ ಕೆಳಗಿಳಿಯುತ್ತದೆ. ಏಪ್ರಿಲ್-ಮೇ ಸಂಜೆ ಸವಾರಿ ಆದರೆ ಇನ್ನೊಂದು ಹುಷಾರು: ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಮಣ್ಣಿನ ವಾಸನೆ ಹೊತ್ತು ಬಂದರೆ ಅದು ಗುಡುಗು ಮಳೆಯ ಮುಂಗಾಳಿ. ಆಗ ಟ್ರೇನಿಂಗ್ ಸಾಕು, ಯಾವುದಾದರೂ ಕಟ್ಟಡದೊಳಗೆ ಸೇರಿಕೊಳ್ಳಿ. ಮರದ ಕೆಳಗಂತೂ ಬೇಡ.

ನನಗೆ ನಿಜವಾಗಿ ಭಯ ಇರೋದು ಅಡ್ಡ ಗಾಳಿದು. ಅಡಿಕೆ ತೋಟದ ಮರೆಯಲ್ಲಿ ಆರಾಮಾಗಿ ಹೋಗ್ತಿರ್ತೀರಿ, ತೋಟ ಮುಗಿದ ಜಾಗದಲ್ಲಿ ಯಾರೋ ಹೆಗಲಿಗೆ ಗುದ್ದಿದ ಹಾಗೆ ಆಗುತ್ತೆ. ಲಾರಿ ಪಕ್ಕ ಬಂದಾಗ ಇನ್ನೂ ಕೆಟ್ಟದ್ದು. ಬಲಗಡೆಯಿಂದ ಬರ್ತಿದ್ದ ಗಾಳಿಯನ್ನು ಲಾರಿ ಎರಡು ಸೆಕೆಂಡ್ ತಡೆಯುತ್ತದೆ. ನೀವು ಗಾಳಿಗೆ ಒರಗಿಕೊಂಡಿದ್ದವರು ಲಾರಿ ಕಡೆಗೇ ವಾಲ್ತೀರಿ. ಅದು ದಾಟಿದ ಮೇಲೆ ಗಾಳಿ ಮತ್ತೆ ಎಡಕ್ಕೆ ಎಸೆಯುತ್ತದೆ. ಹಿಂದೆ ಲಾರಿ ಸದ್ದು ಕೇಳಿದ ಕೂಡಲೇ ಎಡಕ್ಕೆ ಸರಿಯಿರಿ, ಆದರೆ ಡಾಂಬರಿನ ಅಂಚಿನಿಂದ ಒಂದೆರಡು ಅಡಿ ಒಳಗೇ ಇರಿ. ಹ್ಯಾಂಡಲ್ ಬಿಗಿಯಾಗಿ ಅಮುಕಬೇಡಿ, ಭುಜ ಸಡಿಲ ಬಿಡಿ. ಮುಂದಿನ ಚಕ್ರಕ್ಕೆ ಎತ್ತರದ ರಿಮ್ ಇದ್ದರೆ ಈ ಮೂರು ತಿಂಗಳು ಮಾಮೂಲಿ ಚಕ್ರ ಹಾಕ್ಕೊಳ್ಳಿ.

ಅಂದಹಾಗೆ, ನೆದರ್‌ಲ್ಯಾಂಡ್ಸ್‌ನಲ್ಲಿ ಎದುರು ಗಾಳಿ ಸೈಕ್ಲಿಂಗಿಗೆ ಅಂತಲೇ ಒಂದು ಚಾಂಪಿಯನ್‌ಶಿಪ್ ಇದೆ, 2013ರಲ್ಲಿ ಶುರುವಾದದ್ದು. ಸಮುದ್ರಕ್ಕೆ ಅಡ್ಡ ಕಟ್ಟಿದ ತಡೆಗೋಡೆ ಮೇಲೆ ಎಂಟೂವರೆ ಕಿಮೀ, ಗೇರಿಲ್ಲದ ಸಾದಾ ಸೈಕಲ್ಲಿನಲ್ಲಿ. ಗಾಳಿ ಸಾಲದಿದ್ದರೆ ಸ್ಪರ್ಧೆಯೇ ಇಲ್ಲ!

ನಿಮ್ಮ ರಸ್ತೆ ಯಾವ ದಿಕ್ಕಿಗಿದೆ, ಎಷ್ಟು ಹೊತ್ತಿಗೆ ಹೊರಡ್ತೀರಿ ಅಂತ ಕೆಳಗೆ ಬರೆಯಿರಿ. ಯಾವ ತಿಂಗಳು ಯಾವ ಕಡೆಯಿಂದ ಶುರು ಮಾಡಿದರೆ ಒಳ್ಳೇದು ಅಂತ ಹೇಳ್ತೀನಿ.