ಹೊಲದಲ್ಲಿ ಸಿಕ್ಕ ಗೋಸುಂಬೆನ ಮನೇಲಿ ಸಾಕಬಹುದಾ, ಏನ್ ತಿನ್ನಿಸ್ಬೇಕು?

ದಯವಿಟ್ಟು ಸಾಕಬೇಡಿ. ನಮ್ ಚಿತ್ರದುರ್ಗದ ಕಡೆ ಜಾಲಿ ಗಿಡ, ಹೊಲದ ಬೇಲಿಲಿ ಸಿಗೋ ಗೋಸುಂಬೆ, ಅಂದ್ರೆ ಊಸರವಳ್ಳಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಬರುತ್ತೆ, ಹಿಡಿದು ಇಟ್ಕೊಂಡ್ರೆ ಕೇಸ್ ಆಗುತ್ತೆ. ತಲೆ ಆಡಿಸ್ಕೊಂಡು ಓಡೋ ಓತಿಕ್ಯಾತ ಬೇರೆ, ಇದು ಬೇರೆ.

ಕಾನೂನು ಪಕ್ಕಕ್ಕಿಡಿ, ಮನೇಲಿ ಅದು ಬದುಕೋದೇ ಕಷ್ಟ. ಬಟ್ಟಲಲ್ಲಿ ನಿಂತ ನೀರು ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳಲ್ಲ, ಎಲೆ ಮೇಲಿನ ಹನಿ ನೆಕ್ಕಿ ಕುಡಿಯೋ ಜೀವಿ ಅದು, ಹಂಗಾಗಿ ನೀರು ಎದುರಿಗಿದ್ರೂ ಬಾಯಾರಿ ಕಣ್ಣು ಗುಳಿ ಬೀಳುತ್ತೆ. ತಿನ್ನೋದು ಜೀವಂತ ಮಿಡತೆ, ನೊಣ, ಅದೂ ದಿನಾ ಹಿಡಿದು ತರ್ಬೇಕು. ನೇರ ಬಿಸಿಲು ಬೇಕೇ ಬೇಕು, ಕಿಟಕಿ ಗಾಜಿನ ಹಿಂದೆ ಇಟ್ರೆ ಯುವಿಬಿ, ಅಂದ್ರೆ ಮೂಳೆ ಗಟ್ಟಿಯಾಗೋಕೆ ಬೇಕಾದ ಬಿಸಿಲಿನ ಕಿರಣ, ಸಿಗಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟ ಆಗುತ್ತೆ. ಕೈಯಲ್ಲಿ ಹಿಡಿದಾಗ ಮೈ ಕಪ್ಪಾಗಿ ಬಾಯಿ ತೆಗೆದು ಬುಸ್ ಅಂದ್ರೆ ಅದು ಆಟ ಅಲ್ಲ, ಭಯ.

ರೋಡಲ್ಲಿ ಕಂಡ್ರೆ ಎಳೀಬೇಡಿ, ಅದರ ಮುಂದೆ ಒಂದು ಕಡ್ಡಿ ಹಿಡೀರಿ, ಚಿಮಟದಂಥ ಬೆರಳಲ್ಲಿ ಹಿಡ್ಕೊಂಡು ತಾನೇ ನಿಧಾನ ಹತ್ತುತ್ತೆ, ಅದು ಹೊರಟಿದ್ದ ಕಡೆಗೇ ಗಿಡಕ್ಕೆ ಬಿಡಿ. ವಿಷ ಇಲ್ಲ ಕಣ್ರಿ, ಸುಮ್ನೆ ಹೆದರಿ ಕಲ್ಲು ಹೊಡೀತಾರೆ ಪಾಪ. ಗಾಯ ಆಗಿದ್ರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಒಂದು ಕೊಂಬೆ ಇಟ್ಟು ಅದನ್ನ ಬಿಟ್ಟು, ಅರಣ್ಯ ಇಲಾಖೆಗೆ ಫೋನ್ ಮಾಡಿ.